ರೂಹ್ ಇಳಿಸಿದ ಶುಕ್ರವಾರ

ಶಿಡ್ಲಘಟ್ಟದಲ್ಲಿ ನಮ್ಮ ಮನೆಗೆ ಎರಡು ಹೆಸರಿದ್ದವು. ಎದುರಿಗೆ ಪನ್ನೀರು ಸಾಬರ ಮನೆ ಎನ್ನುತ್ತಿದ್ದರು, ನಾವು ಅತ್ತ ತಿರುಗಿದರೆ ಬಟ್ಟಿ ಮನೆ. ಬಟ್ಟಿ ಎಂದರೆ ಊರಿನವರ ಪಾಲಿಗೆ ಕಳ್ಳಸಾರಾಯಿಯೇ. ಒಮ್ಮೆ ಊರಿಗೆ ಹೊಸದಾಗಿ ಬಂದ ಪೊಲೀಸಿನವನೊಬ್ಬ ಮೂಗರಳಿಸಿಕೊಂಡು ಒಳಗೆ ಬಂದಿದ್ದ. ದಾದಿ ಅವನ ಅಂಗೈಗೆ ಗುಲಾಬಿ ನೀರು ಸುರಿದಳು. ಅವನು ಅದನ್ನು ನೆಕ್ಕಿ ನೋಡಿ ಪೆಚ್ಚುಮೋರೆ ಹಾಕಿಕೊಂಡು ಹೋದ. ಆ ಕಥೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿ ನಕ್ಕಿದ್ದೇವೋ ಲೆಕ್ಕವಿಲ್ಲ. ದಾದಿ ಎಂದರೆ ನನ್ನ ಅಬ್ಬಾನ ತಾಯಿ. ಪನ್ನೀರು ಇಳಿಸುವ ಕೆಲಸ ಅವಳದ್ದು. ಸೀಸೆಗೆ ತುಂಬಿದ್ದನ್ನು ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರಿನ ಅಂಗಡಿಗಳಿಗೂ ಮದುವೆ ಮನೆಗಳಿಗೂ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವ ಕೆಲಸ ಅಬ್ಬಾನದ್ದು. ಅಮ್ಮಿ ಪಕ್ಕದ ಬೀದಿಯಲ್ಲಿ ರೇಷ್ಮೆ ಬಿಚ್ಚುವ ಚರಕದ ಮುಂದೆ ಕೂರುತ್ತಿದ್ದಳು. ನಮ್ಮ ಮನೆಯ ಮಾತು ಉರ್ದು. ಇಲ್ಲಿ ಅವರಾಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳಿಗೆ ಬೇರೆ ಭಾಷೆಯಲ್ಲಿ ಬರೆಯಲು ಈಗ ಕೈ ಓಡುವುದೂ ಇಲ್ಲ.

ಮನೆ ದೊಡ್ಡದೇನಲ್ಲ. ಮುಂದೊಂದು ಕೋಣೆ, ನಡುವೆ ಅಡುಗೆಯ ಜಾಗ, ಹಿಂದೆ ಹೆಂಚಿನ ಮಾಡಿನ ಬಟ್ಟಿ ಕೋಣೆ. ಆ ಕೋಣೆಯಲ್ಲಿ ಒಂದು ಮಗು ಮುದುರಿ ಕೂರುವಷ್ಟು ದೊಡ್ಡ ತಾಮ್ರದ ಹಂಡೆಯಿತ್ತು. ಅದರ ಗುಮ್ಮಟದಂಥ ಮುಚ್ಚಳದಿಂದ ಒಂದು ತಾಮ್ರದ ಕೊಳವೆ ಹೊರಟು, ತಣ್ಣೀರು ತುಂಬಿದ ಕಲ್ಲುತೊಟ್ಟಿಯೊಳಗೆ ಮುಳುಗಿ, ಆ ಕಡೆ ಮೂತಿ ಹೊರಗೆ ಹಾಕಿತ್ತು. ಮೂತಿಯ ಕೆಳಗೆ ಗಾಜಿನ ಜಾಡಿ. ನಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಅದೇ ನೀರನ್ನು ದಾದಿ ಹಂಡೆಗೆ ಸುರಿದು, ಗುಲಾಬಿ ದಳ ತುಂಬಿ, ಮುಚ್ಚಳದ ಸುತ್ತ ಗೋಧಿ ಹಿಟ್ಟಿನ ಕಣಕ ಮೆತ್ತಿ, ಹಿಪ್ಪುನೇರಳೆ ಕಡ್ಡಿಯ ಸಣ್ಣ ಉರಿ ಹಾಕುತ್ತಿದ್ದಳು. ಉರಿ ಜೋರಾದರೆ ನೀರು ಉಕ್ಕಿ ಕಸವನ್ನೂ ಹೊತ್ತುಕೊಂಡು ಬರುತ್ತದೆ, ಸಣ್ಣಗಿದ್ದರೆ ಬರಬೇಕಾದ್ದು ಮಾತ್ರ ಬರುತ್ತದೆ ಎನ್ನುತ್ತಿದ್ದಳು. ಮೊದಲ ಬಟ್ಟಲು ನೀರನ್ನು ಚೆಲ್ಲಬೇಕು, ಕೊನೆಯದನ್ನೂ ಚೆಲ್ಲಬೇಕು, ನಡುವಿನದು ಮಾತ್ರ ಸೀಸೆಗೆ. ಹಂಡೆ ಆರಿದ ಮೇಲೆ ಒಳಗೆ ಕೈಯಾಡಿಸಿದರೆ ತಳದಲ್ಲಿ ಸುಣ್ಣ ಬಳಿದಂಥ ಬಿಳಿ ಪದರ ಇರುತ್ತಿತ್ತು. ನನ್ನ ಬೆರಳಿನಿಂದಲೇ ಅದನ್ನು ಕೆರೆಸಿ ನೆಕ್ಕಿಸುತ್ತಿದ್ದಳು. ಕಹಿ, ಉಪ್ಪು, ಥೂ. ಆಮೇಲೆ ಜಾಡಿಯಿಂದ ಒಂದು ಚಮಚ. ಬೋರ್‌ವೆಲ್ಲಿನ ಆ ದರಿದ್ರ ನೀರು ಇದೇನಾ ಎನ್ನಿಸುತ್ತಿತ್ತು. ಭಾರದ್ದೆಲ್ಲ ಕೆಳಗೇ ಉಳಿಯುತ್ತದೆ, ಹಗುರಾದದ್ದು ಆವಿಯಾಗಿ ಎದ್ದು, ತಣ್ಣಗಾಗಿ ಮತ್ತೆ ನೀರಾಗುತ್ತದೆ. ಮುಂದೆ ನಾನು ಕರಿಹಲಗೆಯ ಮೇಲೆ ಚಿತ್ರ ಬರೆದು ಮಕ್ಕಳಿಗೆ ಹೇಳಿಕೊಟ್ಟ ಪಾಠವೂ ಇಷ್ಟೇ. ಓದು ಬಾರದ ದಾದಿ ನನಗಿಂತ ಚೆನ್ನಾಗಿ ಹೇಳಿಕೊಡುತ್ತಿದ್ದಳು.

ಒಂದು ಪದ ಮಾತ್ರ ಅವಳ ಪಾಠದಲ್ಲಿತ್ತು, ನನ್ನ ಪಾಠದಲ್ಲಿಲ್ಲ. ಕೊಳವೆಯ ಮೂತಿಯಲ್ಲಿ ಪರಿಮಳ ಕಾಣಿಸಿಕೊಂಡ ತಕ್ಷಣ ದಾದಿ ತಲೆಯ ಮೇಲೆ ಸೆರಗೆಳೆದುಕೊಂಡು ರೂಹ್ ಬಂತು ಎನ್ನುತ್ತಿದ್ದಳು. ಅತ್ತರಿನ ಕೆಲಸದವರು ಹೂವಿನ ಸಾರಕ್ಕೆ ಹೇಳುವ ಮಾತು ಅದು. ಆದರೆ ನಮ್ಮ ಮನೆಯಲ್ಲಿ ರೂಹ್ ಎಂದರೆ ಆತ್ಮ. ಸತ್ತವರದ್ದೂ ರೂಹ್, ಗುಲಾಬಿಯದ್ದೂ ರೂಹ್. ಹೀಗಾಗಿ ಬಟ್ಟಿ ಕೋಣೆಗೆ ಅವಳದೇ ಕಾನೂನುಗಳು. ಹಂಡೆಗೆ ಹೂ ತುಂಬಿದ ಮೇಲೆ ಅಲ್ಲಿ ಯಾರ ಹೆಸರನ್ನೂ ಕರೆಯಬಾರದು, ಕರೆದರೆ ಹೆಸರಿನವರು ಬಂದುಬಿಡುತ್ತಾರೆ. ನನಗೆ ಏನಾದರೂ ಬೇಕಾದರೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ. ಇನ್ನೊಂದು ಕಾನೂನು ಅಮ್ಮಿಗೆ. ಅವಳು ಆ ಹೊಸಿಲು ದಾಟುವ ಹಾಗಿರಲಿಲ್ಲ. ಗೂಡು ಬೇಯಿಸಿದ ನೀರಿನಲ್ಲಿ ದಿನವಿಡೀ ಕೈಯಿಟ್ಟವಳ ಮೈಗೆ ಸತ್ತ ಹುಳುವಿನ ನಾತ ಅಂಟಿರುತ್ತದೆ, ಹಂಡೆ ಅದನ್ನು ಕುಡಿದುಬಿಡುತ್ತದೆ ಎಂದು ದಾದಿ. ಅಮ್ಮಿ ಎದುರಾಡುತ್ತಿರಲಿಲ್ಲ, ಆದರೆ ಬಿಡುತ್ತಲೂ ಇರಲಿಲ್ಲ. ಹೊಸಿಲಿನ ಹೊರಗೆ ಸರಿಯಾಗಿ ಒಂದು ಗೇಣು ಬಿಟ್ಟು ಕೂತು, ಒಳಗಿದ್ದ ನನಗೆ ತಲೆ ಬಾಚುತ್ತಿದ್ದಳು. ನಾತ ಮರೆಯಲು ಅವಳ ಬಾಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ನೇರಳೆ ಬಣ್ಣದ ದುಪಟ್ಟದ ತುದಿಯಲ್ಲಿ ಒಂದು ಹಿಡಿ ಲವಂಗ ಗಂಟು ಹಾಕಿಕೊಂಡಿರುತ್ತಿದ್ದಳು. ಬೀದಿಯ ತಿರುವಿನಲ್ಲಿ ಲವಂಗದ ಘಾಟು ಬಂದರೆ ಅಮ್ಮಿ ಬಂದಳು ಎಂದೇ ಲೆಕ್ಕ.

ನನಗೆ ಒಂಬತ್ತು ತುಂಬಿದ ವರ್ಷ ಅಮ್ಮಿಗೆ ಕಾಮಾಲೆಯಾಯಿತು. ಮೊದಲು ಕಣ್ಣು, ಆಮೇಲೆ ಉಗುರು, ಆಮೇಲೆ ಹಾಸಿಗೆಯ ಬಟ್ಟೆ, ಎಲ್ಲ ಹಳದಿ. ಅಬ್ಬಾ ಗೌರಿಬಿದನೂರಿನ ಕಡೆ ಮದುವೆ ಮನೆಗಳಿಗೆ ಪನ್ನೀರು ಕೊಡುತ್ತಾ ಹತ್ತು ಹನ್ನೆರಡು ದಿನ ಅಲ್ಲೇ ಉಳಿದಿದ್ದರು. ದಾದಿ ಕಾಮಾಲೆಗೆಂದೇ ಬೇರೊಂದು ಸೊಪ್ಪಿನ ಅರ್ಕ ಇಳಿಸಿ ಹೊತ್ತು ಹೊತ್ತಿಗೆ ಕುಡಿಸಿದಳು. ಆ ಅರ್ಕದಿಂದ ಎಷ್ಟೋ ಜನ ಎದ್ದು ಕೂತಿದ್ದರು ಎಂಬುದೂ ನಿಜವೇ. ಅಬ್ಬಾ ಬಂದು ನೋಡಿದವರೇ ಅಮ್ಮಿಯನ್ನು ಎತ್ತಿಕೊಂಡು ಚಿಕ್ಕಬಳ್ಳಾಪುರಕ್ಕೆ ಓಡಿದರು. ಮಾರನೆಯ ದಿನ ಅವಳನ್ನು ಬಟ್ಟೆ ಸುತ್ತಿ ತಂದರು. ಮಣ್ಣಾದ ಮೇಲೆ ಅಬ್ಬಾ ದಾದಿಯನ್ನು ಕೇಳಿದ್ದು ಒಂದೇ ಮಾತು, ಅವಳು ನನಗೆ ಹೇಳಿ ಕಳಿಸಿ ಎಂದು ಕೇಳಲಿಲ್ಲವಾ, ಆಸ್ಪತ್ರೆ ಎಂದು ಬಾಯಿ ಬಿಡಲಿಲ್ಲವಾ ಎಂದು. ದಾದಿ ತಲೆಯಾಡಿಸಿದಳು.

"ಇಲ್ಲಪ್ಪ. ಅವಳು ಏನೂ ಹೇಳ್ಲೇ ಇಲ್ಲ."

ನಲವತ್ತು ದಿನ ಸತ್ತವರ ರೂಹ್ ಮನೆಯ ಸುತ್ತಲೇ ಇರುತ್ತದೆ, ಗುರುವಾರ ಸಂಜೆ ಒಳಗೆ ಬರುತ್ತದೆ ಎಂದು ನಮ್ಮ ಬೀದಿಯ ಹೆಂಗಸರು ಹೇಳುತ್ತಿದ್ದರು. ಗುರುವಾರ ಬಾಗಿಲನ್ನು ಅರ್ಧ ತೆರೆದಿಟ್ಟು, ಊದುಬತ್ತಿ ಹಚ್ಚಿ, ಅಮ್ಮಿಗೆ ಇಷ್ಟವಾದ ಖೀರು, ಕೈಮಾ ಒಂದು ತಟ್ಟೆಯಲ್ಲಿ ಇಡುತ್ತಿದ್ದೆವು. ನಾನು ರೆಪ್ಪೆ ಹೊಡೆಯದೆ ಕಾಯುತ್ತಿದ್ದೆ. ಖೀರು ಒಂದು ಚೂರೂ ಕಡಿಮೆಯಾಗುತ್ತಿರಲಿಲ್ಲ. ಯಾಕೆಂದು ಕೇಳಿದರೆ, ರೂಹಿಗೆ ಬಾಯಿಲ್ಲ, ಅದು ವಾಸನೆ ಮಾತ್ರ ತೆಗೆದುಕೊಳ್ಳುತ್ತದೆ, ಅದೂ ಒಂದು ವಾಸನೆಯೇ ಎಂದಳು ದಾದಿ. ನಮ್ಮ ಮನೆಗೆ ಹೂ ತರುತ್ತಿದ್ದ ಮೇಲೂರಿನ ನಾರಾಯಣಮ್ಮ ಅದನ್ನು ಕೇಳಿ, ನಮ್ಮಲ್ಲಿ ಹನ್ನೊಂದೇ ದಿನಕ್ಕೆ ಕಳಿಸಿಬಿಡ್ತೀವಿ, ನೀವು ನಲವತ್ತು ದಿನ ಹೆಂಗೆ ತಡ್ಕೊಳ್ತೀರೋ ಎಂದು ಬಾಗಿಲ ಕಡೆ ನೋಡಿ ಸೆರಗು ಬಿಗಿ ಮಾಡಿಕೊಂಡಿದ್ದಳು. ನನಗೆ ಭಯವಾಗಲಿಲ್ಲ. ನನಗೆ ಲೆಕ್ಕ ಶುರುವಾಯಿತು. ಚಾಲೀಸ್ವಾಂ, ಅಂದರೆ ನಲವತ್ತನೆಯ ದಿನ, ಶನಿವಾರ ಬೀಳುತ್ತಿತ್ತು. ಅವತ್ತು ಊಟ ಹಾಕಿ, ಟ್ರಂಕಿನಲ್ಲಿದ್ದ ಅಮ್ಮಿಯ ಬಟ್ಟೆಗಳನ್ನು ಬಡವರಿಗೆ ಕೊಟ್ಟುಬಿಡುತ್ತಾರೆ, ಅಮ್ಮಿಯ ರೂಹ್ ಹೊರಟುಹೋಗುತ್ತದೆ. ರೂಹ್ ಎಂದರೆ ವಾಸನೆ. ವಾಸನೆಯನ್ನು ಸೀಸೆಗೆ ಇಳಿಸುವ ಹಂಡೆ ನಮ್ಮ ಹಿಂದಿನ ಕೋಣೆಯಲ್ಲಿದೆ. ಇಷ್ಟು ಸರಳವಾದದ್ದು ದೊಡ್ಡವರ್ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ಸಿಟ್ಟೇ ಬಂದಿತ್ತು. ಇಳಿಸಿದ ಮೇಲೆ ಏನು ಮಾಡಬೇಕು ಎಂಬುದನ್ನೂ ಯೋಚಿಸಿಟ್ಟಿದ್ದೆ. ಕುಡಿದುಬಿಡಬೇಕು. ಆಗ ಅಮ್ಮಿಯನ್ನು ಯಾರೂ ಕಳಿಸಲಾಗುವುದಿಲ್ಲ.

ಮೂವತ್ತೊಂಬತ್ತನೆಯ ದಿನ, ಶುಕ್ರವಾರ, ಹೊತ್ತು ಹುಟ್ಟುವ ಮೊದಲೇ ನಾರಾಯಣಮ್ಮ ಒಂದು ಬುಟ್ಟಿ ತುಂಬ ಗುಲಾಬಿ ತಂದು ಸುರಿದು, ಬುಟ್ಟಿಯನ್ನು ಅಲ್ಲೇ ಬಿಟ್ಟು, ಉಳಿದ ಹೂವನ್ನು ಸಂತೆ ಬೀದಿಗೆ ಹೊತ್ತುಕೊಂಡು ಹೋದಳು. ಮಾರನೆಯ ದಿನ ಬರುವ ನೆಂಟರ ಮೇಲೆ ಚಿಮುಕಿಸಲು ಪನ್ನೀರು ಬೇಕಿತ್ತು. ದಾದಿ ದಳಗಳನ್ನು ಹಂಡೆಗೆ ತುಂಬಿ, ಕಣಕ ಕಲಸಲು ಅಡುಗೆ ಜಾಗಕ್ಕೆ ಹೋದಳು. ನಾನು ಟ್ರಂಕಿನಿಂದ ನೇರಳೆ ದುಪಟ್ಟ ತಂದೆ. ಅದನ್ನು ಮೂಸಿದೆ. ಲವಂಗ, ಕೊಬ್ಬರಿ ಎಣ್ಣೆ, ಅದರ ಹಿಂದೆ ಬೆಂದ ಗೂಡಿನ ನಾತ, ಎಲ್ಲ ಇದ್ದವು. ದಳಗಳನ್ನು ಅತ್ತಿತ್ತ ಸರಿಸಿ ಗಂಟು ಬಿಚ್ಚದೆ ಹಾಗೇ ಅದನ್ನು ಒಳಗೆ ತಳ್ಳಿದೆ. ಮೇಲೆ ಹೂ ಮುಚ್ಚಿದೆ. ಆಮೇಲೆ ಮಾಡಬಾರದ್ದನ್ನು ಮಾಡಿದೆ. ಹಂಡೆಯ ಬಾಯಿಗೆ ಮುಖವಿಟ್ಟು ಮೂರು ಸಲ ಅಮ್ಮಿಯ ಹೆಸರು ಕರೆದೆ. ತಾಮ್ರದೊಳಗಿಂದ ನನ್ನ ದನಿ ದಪ್ಪವಾಗಿ, ಯಾರೋ ದೊಡ್ಡ ಹೆಂಗಸಿನದ್ದಾಗಿ ವಾಪಸು ಬಂತು. ಅಷ್ಟರಲ್ಲಿ ದಾದಿಯ ಬಳೆ ಸದ್ದಾಯಿತು. ನಾನು ಹೊಸಿಲಿನ ಹೊರಗೆ, ಅಮ್ಮಿ ಕೂರುತ್ತಿದ್ದ ಜಾಗದಲ್ಲಿ ಹೋಗಿ ಕೂತೆ.

ನೀರು ಕುದಿಯಲು ಹೊತ್ತು ಹಿಡಿಯಿತು. ಹಂಡೆ ಮೊದಲು ಗುನುಗುತ್ತದೆ, ಆಮೇಲೆ ಒಳಗೆ ಯಾರೋ ಮಗ್ಗುಲು ಬದಲಿಸಿದಂತೆ ದಡಬಡ ಎನ್ನುತ್ತದೆ. ಅದು ದಿನಾ ಕೇಳುವ ಸದ್ದೇ, ಆದರೆ ಅವತ್ತು ನಾನು ಒಂದು ಗೇಣು ಹಿಂದೆ ಸರಿದೆ. ಕೊಳವೆಯ ಮೂತಿಯಲ್ಲಿ ಮೊದಲ ಹನಿ ತೂಗಾಡಿ ಬಿತ್ತು. ದಾದಿ ಚೆಲ್ಲಬೇಕಾದ ಮೊದಲ ಬಟ್ಟಲನ್ನು ಹಿಡಿದು ಅಭ್ಯಾಸದಂತೆ ಮೂಗಿಗೆ ತಂದಳು, ತಂದವಳು ಹಾಗೇ ನಿಂತುಬಿಟ್ಟಳು. ನೀರು ತಿಳಿಯಾಗಿರಲಿಲ್ಲ, ಒಂದೆರಡು ಹನಿ ಹಾಲು ಬಿದ್ದಂತೆ ಮಸುಕಾಗಿತ್ತು. ನಾನು ಕೂತಲ್ಲಿಗೂ ಘಾಟು ಬಂತು. ಗುಲಾಬಿಯಲ್ಲ, ಲವಂಗ. ಅಮ್ಮಿ ಬೀದಿಯ ತಿರುವಿನಿಂದ ಮನೆಯೊಳಕ್ಕೆ ನಡೆದು ಬಂದ ಹಾಗೇ ಬಂತು. ನನಗೆ ಎದ್ದು ಕುಣಿಯಬೇಕೆನ್ನಿಸಿತು. ಸಂತೋಷಕ್ಕೆ, ಸತ್ಯವಾಗಿಯೂ ಸಂತೋಷಕ್ಕೆ. ದಾದಿ ಬಟ್ಟಲನ್ನು ಚೆಲ್ಲಲಿಲ್ಲ. ಅದನ್ನು ಜಾಡಿಗೆ ಬಗ್ಗಿಸಿ, ಗೋಡೆಗೆ ಬೆನ್ನು ಹಚ್ಚಿ ಕುಸಿದು ಕೂತಳು. ಉರಿಯ ಕಡ್ಡಿಗಳನ್ನು ಮುಂದಕ್ಕೆ ತಳ್ಳಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ. ಹನಿಗಳು ಅವುಗಳ ಪಾಡಿಗೆ ಬೀಳುತ್ತಿದ್ದವು.

ಮಧ್ಯಾಹ್ನ ಗಂಡಸರೆಲ್ಲ ಜುಮ್ಮಾ ನಮಾಜಿಗೆ ಹೋದರು. ಅಬ್ಬಾ ನಮಾಜು ಮುಗಿಸಿ ಮಾರನೆಯ ದಿನದ ಅಡುಗೆಗೆ ಪಾತ್ರೆ ಗೊತ್ತು ಮಾಡಿ ಬರುವವರಿದ್ದರು. ಆ ಹೊತ್ತಿನಲ್ಲಿ ನಮ್ಮ ಬೀದಿಯ ಚರಕಗಳೆಲ್ಲ ನಿಲ್ಲುತ್ತವೆ. ಬೆಳಗಿನಿಂದ ಕಿವಿಯಲ್ಲಿ ತಿರುಗುವ ಸದ್ದು ಒಮ್ಮೆಗೇ ನಿಂತರೆ ಊರು ಖಾಲಿಯಾದಂತೆ ಅನ್ನಿಸುತ್ತದೆ. ಆ ನಿಶ್ಶಬ್ದದಲ್ಲೇ ನಾರಾಯಣಮ್ಮ ಖಾಲಿ ಬುಟ್ಟಿ ತೆಗೆದುಕೊಂಡು ಹೋಗಲು ಹಿತ್ತಿಲ ಕಡೆಯಿಂದ ಬಂದಳು. ಬಾಗಿಲಲ್ಲೇ ನಿಂತು ಮೂಗೆಳೆದಳು.

"ಇದೇನು ಬೂಬಮ್ಮ, ನನ್ನ ಗುಲಾಬಿಗೆ ಲವಂಗ ಹಾಕ್ಬಿಟ್ಟಿದ್ದೀರಾ?"

ದಾದಿ ಇಲ್ಲ ಎಂದಳು. ನಾರಾಯಣಮ್ಮ ಹಂಡೆ ನೋಡಿದಳು, ನನ್ನನ್ನು ನೋಡಿದಳು, ನಾನು ಕೂತ ಜಾಗ ನೋಡಿದಳು. ಮುನ್ನಮ್ಮ, ಅಲ್ಲಿಂದ ಎದ್ದು ಈಚೆ ಬಾ ತಾಯಿ ಎಂದು ನನ್ನನ್ನು ಕರೆದಳು. ನಾನು ಏಳಲಿಲ್ಲ. ಅವಳು ಬುಟ್ಟಿಯನ್ನೂ ಮುಟ್ಟದೆ ಹೊರಟುಹೋದಳು.

ಹೇಳಿಬಿಡುವುದಿದ್ದರೆ ಆಗಲೇ ಹೇಳಬಹುದಿತ್ತು. ದಾದಿ, ನಾನೇ ದುಪಟ್ಟ ಹಾಕಿದ್ದು, ಗಂಟಿನಲ್ಲಿ ಲವಂಗ ಇತ್ತು ಎಂದರೆ ಮುಗಿಯುತ್ತಿತ್ತು. ಬಟ್ಟಿ ಇಳಿಸಿದರೆ ನೀರು ಶುದ್ಧವಾಗುತ್ತದೆ ನಿಜ, ಆದರೆ ಏಳಲಾರದ್ದರಿಂದ ಮಾತ್ರ. ಉಪ್ಪು ಏಳುವುದಿಲ್ಲ, ಮಣ್ಣು ಏಳುವುದಿಲ್ಲ, ಬಟ್ಟೆಯ ಬಣ್ಣ ಏಳುವುದಿಲ್ಲ. ಲವಂಗದ ಎಣ್ಣೆ ಆವಿಯ ಜೊತೆ ಕೈಹಿಡಿದುಕೊಂಡು ಎದ್ದು ಬರುತ್ತದೆ. ಇದನ್ನು ನಾನು ತಿಳಿದದ್ದು ಕಾಲೇಜಿನಲ್ಲಿ. ಅವತ್ತು ನನಗೆ ತಿಳಿದಿದ್ದದ್ದು ಅಮ್ಮಿ ಬಂದಿದ್ದಾಳೆ ಎಂಬುದೊಂದೇ. ಬಂದವಳನ್ನು ಬರೀ ಲವಂಗ ಎಂದು ಹೇಳಿ ಯಾಕೆ ಕಳಿಸಲಿ? ನಾನು ತುಟಿ ಕಚ್ಚಿಕೊಂಡು ಕೂತೆ. ಆಗ ದಾದಿ ಜಾಡಿಯ ಕಡೆ ತಿರುಗಿ ಮಾತಾಡಿದಳು. ನಾನಿರುವುದು ಅವಳಿಗೆ ಮರೆತೇಹೋಗಿತ್ತು. ಅಮ್ಮಿಯೊಡನೆ ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಬಂದ್ಯಾ ನೂರ್? ಬದುಕಿದ್ದಾಗ ಒಳಗೆ ಬಿಡ್ಲಿಲ್ಲ ಅಂತ ಈಗ ಬಂದ್ಯಾ? ನೀನ್ಯಾಕೆ ಬಂದಿದ್ದೀಯ ಅಂತ ಗೊತ್ತು ಕಣೇ. ನೀನು ಮೂರು ಸಲ ಕೇಳ್ದೆ. ಅತ್ತೆ, ಆಸ್ಪತ್ರೆಗೆ ಕರ್ಕೊಂಡ್ಹೋಗಿ, ಅವರಿಗೆ ಹೇಳಿ ಕಳ್ಸಿ, ನನ್ನ ಮಗು ಚಿಕ್ಕದು ಅಂತ ಕಾಲು ಹಿಡ್ಕೊಂಡೆ. ಮೂರು ಸಲಾನೂ ನಾನು ಅರ್ಕ ಕುಡಿ ಅಂದೆ. ನನ್ನ ನೀರಿನ ಮೇಲೆ ನನಗೆ ಅಷ್ಟು ಜಂಬ ಇತ್ತು. ಅವನು ಕೇಳಿದ್ದಕ್ಕೆ ಸುಳ್ಳು ಹೇಳ್ದೆ. ನಿಜ ಹೇಳಿದ್ರೆ ನನ್ನ ಮಗನೂ ನನಗಿಲ್ಲ."

ಒಂಬತ್ತು ವರ್ಷದ ಹುಡುಗಿಗೆ ಎಲ್ಲವೂ ಅರ್ಥವಾಯಿತೆಂದು ಹೇಳಲಾರೆ. ನನ್ನ ಮಗು ಚಿಕ್ಕದು ಎಂಬುದು ಅರ್ಥವಾಯಿತು. ಕಾಲು ಹಿಡಿದುಕೊಂಡದ್ದು ಅರ್ಥವಾಯಿತು. ಬೇಕೆಂದು ಹಟ ಹಿಡಿದು ಅಮ್ಮಿಯನ್ನು ಕರೆಸಿಕೊಂಡಿದ್ದೆ, ಅವಳು ಬರುವಾಗ ಇದನ್ನು ತಂದಳು. ದಾದಿ ನೀರು ಕುಡಿಯಲು ಎದ್ದು ಅಡುಗೆಯ ಕಡೆ ಹೋದಾಗ ನಾನು ಜಾಡಿಯಿಂದ ಒಂದು ಬಟ್ಟಲು ಬಗ್ಗಿಸಿಕೊಂಡು ಗಟಗಟ ಕುಡಿದೆ. ನಾಲಿಗೆ ಉರಿದು ಜೋಮು ಹಿಡಿಯಿತು. ಆಮೇಲೆ ಮಾತಾಡಬೇಕೆಂದರೂ ತುಟಿ ನನ್ನದಲ್ಲ ಎನ್ನಿಸಿತು. ಹೊಟ್ಟೆಯಲ್ಲಿ ಬಿಸಿಯಾಗಿ ಏನೋ ಕೂತಿತ್ತು. ಅದು ಅಮ್ಮಿಯೇ ಎಂದು ಕೈಯಿಟ್ಟುಕೊಂಡು ಕಾದೆ. ಅವಳು ಏನೂ ಹೇಳಲಿಲ್ಲ.

ಉರಿ ತಾನಾಗಿಯೇ ಆರಿತು. ಬಿಸಿಲು ಹೆಂಚಿನಿಂದ ಗೋಡೆಗೆ ಇಳಿಯುವ ಹೊತ್ತಿಗೆ ದಾದಿ ಕಣಕ ಒಡೆದು ಮುಚ್ಚಳ ತೆಗೆದಳು. ಬೆಂದ ದಳಗಳು ಕಂದು ಬಣ್ಣದ ಅಂಬಲಿಯಾಗಿದ್ದವು. ಅವನ್ನು ತೆಗೆಯಲು ಅವಳ ಬಳಿ ಕೊಕ್ಕೆ ಸಿಕ್ಕಿಸಿದ ಕೋಲಿತ್ತು. ಕೊಕ್ಕೆಗೆ ಏನೋ ಭಾರವಾಗಿ ಸಿಕ್ಕಿತು. ಎಳೆದಳು. ಉದ್ದಕ್ಕೆ ಬಂತು, ಇನ್ನೂ ಬಂತು, ಮುಗಿಯದೆ ಬರುತ್ತಲೇ ಇತ್ತು. ಅರ್ಧ ಹೊರಗೆ ಬಂದ ಮೇಲೆಯೇ ಅದು ಬಟ್ಟೆ ಎಂದು ಅವಳಿಗೆ ಗೊತ್ತಾದದ್ದು. ನೇರಳೆ ಬಣ್ಣವೆಲ್ಲ ಹಂಡೆಯ ನೀರಿಗೆ ಬಿಟ್ಟುಕೊಟ್ಟು ಬೂದಿಯ ಹಾಗಾಗಿತ್ತು. ತುದಿಯ ಗಂಟನ್ನು ಬಿಚ್ಚಿದಳು. ಊದಿಕೊಂಡ ಲವಂಗಗಳು ಅವಳ ಅಂಗೈಗೆ ಬಿದ್ದವು. ಅವನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನಕ್ಕಳು. ಬೆಳಗಿನಿಂದ ನಡೆದದ್ದರಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಆ ನಗುವಿಗೆ. ನನ್ನನ್ನು ಹೊಡೆಯುತ್ತಾಳೆಂದು ಕಾದೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಎಷ್ಟು ಕೇಳಿಸ್ಕೊಂಡೆ ಮುನ್ನಿ?"

ಎಲ್ಲಾ ಎಂದೆ. ಜೋಮು ಹಿಡಿದ ನಾಲಿಗೆಯಲ್ಲಿ ಅದು ಸರಿಯಾಗಿ ಹೊರಡಲೂ ಇಲ್ಲ. ಅವಳು ಎದ್ದಳು. ದುಪಟ್ಟವನ್ನು ಹಿಂಡಿ, ಹಿತ್ತಿಲಿನ ಹಗ್ಗದ ಮೇಲೆ ಮಡಿಕೆಯಿಲ್ಲದಂತೆ ಎಳೆದು ಹರವಿದಳು. ಜಾಡಿಯ ನೀರನ್ನು ಬಚ್ಚಲಿಗೆ ಸುರಿದಳು. ದುಪಟ್ಟ ಒಣಗಿದ ಮೇಲೆ ಟ್ರಂಕಿಗೆ ಹಾಕಿಬಿಡೋಣ ಎಂದುಕೊಂಡಿದ್ದಳೋ ಏನೋ, ಅಷ್ಟರಲ್ಲಿ ಅಬ್ಬಾ ಬಂದರು. ಕೈಕಾಲು ತೊಳೆಯಲು ಹಿತ್ತಿಲಿಗೆ ಬಂದವರು ಹಗ್ಗದ ಮುಂದೆ ನಿಂತರು. ಬಟ್ಟೆಯ ಅಂಚು ಹಿಡಿದು ಮೂಗಿಗೆ ಒತ್ತಿಕೊಂಡರು. ಆ ತುದಿ, ಈ ತುದಿ, ನಡುವೆ. ಹುಡುಕುತ್ತಿದ್ದರು. ಆಮೇಲೆ ದಾದಿಯ ಕಡೆ ತಿರುಗಿದರು.

"ಇದನ್ನ ಯಾಕಮ್ಮ ಒಗೆದೆ? ದಿನಾ ಒಂದ್ಸಲ ಟ್ರಂಕು ತೆಗೆದು ನೋಡ್ತಿದ್ದೆ. ಅವಳು ಇದರಲ್ಲಿ ಇದ್ಲು."

ನನ್ನ ಬಾಯಿಗೆ ಬಂತು. ಒಗೆದದ್ದಲ್ಲ ಅಬ್ಬಾ, ನಾನು ಬೇಯಿಸಿದ್ದು ಎಂದು ನಾಲಿಗೆಯ ತುದಿಯವರೆಗೆ ಬಂತು. ಆದರೆ ಅದನ್ನು ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಆಮೇಲೇನಾಯಿತು ಎಂದು ಕೇಳುತ್ತಾರೆ, ಅಷ್ಟೂ ಹೇಳಬೇಕಾಗುತ್ತದೆ. ದಾದಿ ನನ್ನ ಕಡೆ ನೋಡಲೇ ಇಲ್ಲ. ಮರೆತೋಯ್ತಪ್ಪ, ನಾನೇ ಒಗೆದ್ಬಿಟ್ಟೆ ಎಂದಳು. ಅಬ್ಬಾ ಬಟ್ಟೆಯ ಅಂಚು ಕೈಬಿಟ್ಟರು. ಒಳಗೆ ಹೋದರು. ದಾದಿ ಆಮೇಲೆ ಏಳು ವರ್ಷ ಬದುಕಿದ್ದಳು. ಆ ಏಳು ವರ್ಷವೂ ಅಬ್ಬಾ ಅವಳಿಗೆ ಊಟ ತಂದರು, ಬಟ್ಟೆ ತಂದರು, ಔಷಧಿ ತಂದರು, ಎದುರಿಗೆ ಕೂತು ಒಂದು ಮಾತಾಡಲಿಲ್ಲ. ಒಂದು ಬಟ್ಟೆ ಒಗೆದದ್ದಕ್ಕೆ ಇಷ್ಟೊಂದಾ ಎಂದು ನೆಂಟರು ಆಡಿಕೊಂಡರು. ದಾದಿ ಯಾರಿಗೂ ಏನೂ ಹೇಳಲಿಲ್ಲ. ನನ್ನ ತಪ್ಪಿನ ಶಿಕ್ಷೆಯನ್ನು ಅವಳು ತನ್ನ ತಪ್ಪಿಗೆಂದು ತೆಗೆದುಕೊಂಡು ತೆಪ್ಪಗಿದ್ದಳು, ನಾನೂ ಅವಳಿಗೆ ಅಷ್ಟಾದರೂ ಇರಲಿ ಎಂದು ಬಿಟ್ಟೆ. ಒಂಬತ್ತು ವರ್ಷಕ್ಕೇ ನಾನು ಅಷ್ಟು ಕಲ್ಲಾದೆ.

ಅಬ್ಬಾ ಹೋದ ವರ್ಷ ತೀರಿಕೊಂಡರು. ಕೊನೆಯ ದಿನಗಳಲ್ಲಿ ನನ್ನ ಮನೆಯಲ್ಲೇ ಇದ್ದರು. ಎಲ್ಲ ಮರೆಯುತ್ತಿದ್ದರು, ಇದೊಂದನ್ನು ಮಾತ್ರ ದಿನಾ ಹೇಳುತ್ತಿದ್ದರು. ಒಂದು ಮಾತು ಹೇಳಿ ಕಳಿಸಿದ್ದರೆ ಓಡಿ ಬರ್ತಿದ್ದೆ ಮುನ್ನಿ, ನಿಮ್ಮಮ್ಮಿ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ, ನನ್ನ ನೆನಪೇ ಆಗ್ಲಿಲ್ವೇನೋ ಅವಳಿಗೆ ಎನ್ನುತ್ತಿದ್ದರು. ನಾನು ಅವರಿಗೆ ಹೊದಿಕೆ ಸರಿಮಾಡುತ್ತಾ, ಹೌದು ಅಬ್ಬಾ, ಅವಳು ಏನೂ ಹೇಳಲಿಲ್ಲ ಎನ್ನುತ್ತಿದ್ದೆ.